ಬದಲಿಸಿ, ಆದರೆ ಹೇಳಿ ಬದಲಿಸಿ: ಮಿಠಾಯಿ, ಸೋಡಾ ಕಂಪನಿಗಳಿಗೆ ಒಂದು ಬಹಿರಂಗ ಪತ್ರ

ಮಿಠಾಯಿ, ಚಾಕಲೇಟು, ಸೋಡಾ ತಯಾರಿಸುವ ಎಲ್ಲ ಕಂಪನಿಗಳ ಯಜಮಾನರಿಗೆ, ಮತ್ತು ಅವರ ಪೊಟ್ಟಣಗಳ ಮೇಲೆ ಮಾತು ಬರೆಯುವವರಿಗೆ,

ನಮಸ್ಕಾರ.

ನಿಮ್ಮಲ್ಲಿ ಬಹಳ ಜನ ಈಗ ಒಂದೇ ಮಾತನ್ನು ಅಚ್ಚು ಹಾಕಿಸುತ್ತಿದ್ದೀರಿ: ‘ಅದೇ ಹಳೆಯ ರುಚಿ’. ಕೆಲವರು ‘ನಿಮ್ಮ ಬಾಲ್ಯದ ಸವಿ’ ಅಂತಲೂ ಬರೆಯುತ್ತೀರಿ. ಅಕ್ಷರ ಹಳೇ ಕಾಲದ್ದು, ಬಣ್ಣ ಬೇಕಂತಲೇ ಸ್ವಲ್ಪ ಮಾಸಲು, ಮೂಲೆಯಲ್ಲಿ ಕಂಪನಿ ಶುರುವಾದ ಇಸವಿ. ನೋಡಿದ ಕೂಡಲೇ ಕೈ ತಾನಾಗೇ ಮುಂದೆ ಹೋಗುತ್ತದೆ. ನನ್ನದೂ ಹೋಯಿತು. ಮನೆಗೆ ತಂದು ಪೊಟ್ಟಣ ತಿರುಗಿಸಿ ಓದಿದರೆ ಸಕ್ಕರೆಯ ಜಾಗದಲ್ಲಿ ಬೇರೆ ಏನೋ ಸಿಹಿ ಇತ್ತು, ತೂಕ ಇಳಿದಿತ್ತು, ಬಣ್ಣವೂ ಬೇರೆ. ಹಳೆಯದಾಗಿ ಉಳಿದದ್ದು ಹೆಸರು ಮಾತ್ರ. ಯಾವ ಕಂಪನಿ ಅಂತ ಹೇಳುವುದಿಲ್ಲ. ಒಬ್ಬರನ್ನು ಬೈದರೆ ಉಳಿದವರು ನಿಶ್ಚಿಂತೆಯಿಂದ ಮಲಗುತ್ತಾರೆ.

ಏನನ್ನೂ ಬದಲಿಸಬೇಡಿ ಅಂತ ನಾನು ಕೇಳುತ್ತಿಲ್ಲ. ಬದಲಿಸಿದಾಗ ಹೇಳಿ ಅಂತ ಕೇಳುತ್ತಿದ್ದೇನೆ. ಬದಲಿಸಿದ್ದನ್ನು ಹಳೆಯದು ಅಂತ ಮಾರಬೇಡಿ ಅಂತ ಕೇಳುತ್ತಿದ್ದೇನೆ. ಅಷ್ಟೇ. ಆದರೆ ಇದು ಚಿಕ್ಕ ವಿಷಯ ಅಂತ ನೀವು ಪತ್ರ ಮಡಚಿಡಬಾರದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನೀವು ಸಕ್ಕರೆ ಮಾರುತ್ತೀರಿ ಅಂತ ನಿಮ್ಮ ಲೆಕ್ಕಪತ್ರ ಹೇಳಬಹುದು. ನಮಗೆ ಸಿಕ್ಕಿದ್ದು ಬೇರೆ. ಚೀಪುತ್ತಾ ಚೀಪುತ್ತಾ ಮಿಠಾಯಿಯ ಒಳಗಿನ ಗಾಳಿಗುಳ್ಳೆ ಬಾಯಿ ತೆರೆಯುತ್ತದಲ್ಲ, ಆ ತೂತಿನ ಅಂಚು ಬ್ಲೇಡಿನಷ್ಟು ಚೂಪು. ನಾಲಿಗೆ ಅಲ್ಲಿಗೇ ಹೋಗಿ ಹೋಗಿ ಕೊಯ್ದುಕೊಳ್ಳುತ್ತದೆ, ಆದರೂ ಬಿಡುವುದಿಲ್ಲ. ಜೇಬಿನಲ್ಲಿ ಉಳಿಸಿಟ್ಟದ್ದು ಸಂಜೆ ಹೊತ್ತಿಗೆ ಬೆವರಿ, ನೂಲು ಅಂಟಿಸಿಕೊಂಡು, ಕಾಗದ ಬಿಡಿಸಲಾಗದೆ ಕೂತಿರುತ್ತದೆ. ಆಗ ಕಾಗದದ ಸಮೇತ ಚೀಪಿ, ಆಮೇಲೆ ಕಾಗದವನ್ನು ಉಗಿಯಬೇಕು. ಬಣ್ಣದ ಜರಿ ಕಾಗದವಾದರೆ ಉಗುರಿನಿಂದ ಉಜ್ಜಿ ಉಜ್ಜಿ ಸುಕ್ಕು ತೆಗೆದು ಕಣ್ಣಿಗೆ ಹಿಡಿದು ಲೋಕವನ್ನೆಲ್ಲ ಕೆಂಪಗೆ ನೋಡಬೇಕು. ನಾಲಿಗೆ ಚಾಚಿ ಯಾರದು ಜಾಸ್ತಿ ನೀಲಿ ಅಂತ ಪಂಚಾಯಿತಿ ಆಗಬೇಕು. ಒಂದೇ ಇದ್ದಾಗ ಅಂಗಿಯ ತುದಿಯಲ್ಲಿಟ್ಟು ಕಚ್ಚಿ, ಕಾಗೆ ಎಂಜಲು ಮಾಡಿ, ಚೂರು ಚೂರು ಹಂಚಬೇಕು. ದೊಡ್ಡ ಚೂರು ಯಾರಿಗೆ ಹೋಯಿತು ಅನ್ನುವುದು ವರ್ಷಗಟ್ಟಲೆ ಮರೆಯದ ವಿಷಯ.

ಸೋಡಾ ಅಂದರೆ ಮೊದಲ ಗುಟುಕಿಗೆ ಮೂಗಿನೊಳಗೆ ನುಗ್ಗುವ ಉರಿ, ಕಣ್ಣಲ್ಲಿ ನೀರು, ಆಮೇಲೆ ಬರುವ ತೇಗು. ತೇಗಿನಲ್ಲೂ ಸ್ಪರ್ಧೆ. ಈ ಚುರುಕು ಎಲ್ಲಿಂದ ಬರುತ್ತದೆ ಅನ್ನುವುದು ದೊಡ್ಡವನಾದ ಮೇಲೆ ಓದಿ ಗೊತ್ತಾಯಿತು. ಗುಳ್ಳೆ ಒಡೆದು ಚುಚ್ಚುವುದಲ್ಲ ಅದು. ನೀರಲ್ಲಿ ಕರಗಿದ ಇಂಗಾಲದ ಡೈ ಆಕ್ಸೈಡನ್ನು ನಾಲಿಗೆಯ ಒಂದು ಕಿಣ್ವ ಆಮ್ಲವಾಗಿ ಬದಲಿಸುತ್ತದೆ, ಹುಳಿಯನ್ನು ಗುರುತಿಸುವ ಕೋಶಗಳು ಅದನ್ನು ಹಿಡಿಯುತ್ತವೆ ಅಂತ 2009ರಲ್ಲಿ ವಿಜ್ಞಾನಿಗಳು ತೋರಿಸಿದರು. ಎತ್ತರದ ಬೆಟ್ಟ ಹತ್ತುವವರು ಅಲ್ಲಿನ ತೆಳು ಗಾಳಿಗೆ ಕಾಯಿಲೆ ಬೀಳದಿರಲಿ ಅಂತ ನುಂಗುವ ಅಸಿಟಜೋಲಮೈಡ್ ಮಾತ್ರೆ ಇದೇ ಬಗೆಯ ಕಿಣ್ವವನ್ನು ತಡೆಯುತ್ತದೆ. ಆ ಮಾತ್ರೆ ತಿಂದು ಸೋಡಾ ಕುಡಿದರೆ ಗುಳ್ಳೆಗಳೆಲ್ಲ ಇರುತ್ತವೆ, ರುಚಿ ಮಾತ್ರ ಸಪ್ಪೆ. ತುದಿ ತಲುಪಿ ಸಂಭ್ರಮಕ್ಕೆ ಬಾಟ್ಲಿ ಬಿಚ್ಚಿದವರ ಮುಖ ಹೇಗಾಗಿರಬೇಡ!

ಇನ್ನೊಂದು ಹುಡುಗಾಟ ಗೊತ್ತಾ? ವಿಂಟರ್‌ಗ್ರೀನ್ ಅನ್ನುವ ಗಿಡದ ಸುವಾಸನೆಯ ಎಣ್ಣೆ ಹಾಕಿದ ಗಟ್ಟಿ ಪೆಪ್ಪರ್‌ಮೆಂಟನ್ನು ಕತ್ತಲೆ ಕೋಣೆಯಲ್ಲಿ ಬಾಯಿ ತೆರೆದುಕೊಂಡು ಕಟಕ್ ಅಂತ ಕಚ್ಚಿದರೆ ನೀಲಿ ಕಿಡಿ ಕಾಣುತ್ತದೆ. ಸಕ್ಕರೆಯ ಹರಳು ಒಡೆಯುವಾಗ ಹುಟ್ಟುವ ಬೆಳಕು ಬಹುಪಾಲು ಕಣ್ಣಿಗೆ ಕಾಣದ ಅತಿನೇರಳೆ. ಆ ಎಣ್ಣೆ ಅದನ್ನು ಹೀರಿ ನೀಲಿಯಾಗಿ ವಾಪಸ್ ಕೊಡುತ್ತದೆ. ಎಣ್ಣೆ ಬದಲಿಸಿದರೆ ಕಿಡಿ ಹೋಯಿತು. ನಿಮ್ಮ ಪಟ್ಟಿಯಲ್ಲಿ ಅದು ಬರೀ ‘ಸುವಾಸನೆ’ ಅನ್ನುವ ಒಂದು ಸಾಲು.

ಬಾಯಲ್ಲಿ ಚಟಪಟ ಸಿಡಿಯುವ ಮಿಠಾಯಿಯೂ ಹೀಗೇ. 1956ರಲ್ಲಿ ಅಮೆರಿಕದ ಜನರಲ್ ಫುಡ್ಸ್ ಕಂಪನಿಯಲ್ಲಿದ್ದ ವಿಲಿಯಂ ಮಿಚೆಲ್ ಇದನ್ನು ಕಂಡುಹಿಡಿದರು. ಬಿಸಿ ಪಾಕದೊಳಗೆ ಸುಮಾರು 40 ಪಟ್ಟು ವಾಯುಮಂಡಲದ ಒತ್ತಡದಲ್ಲಿ ಗ್ಯಾಸು ತುಂಬಿ ಹಾಗೇ ಗಟ್ಟಿಯಾಗಲು ಬಿಡುವುದು ಇದರ ಗುಟ್ಟು. ಪಾಪ್ ರಾಕ್ಸ್ ಅನ್ನುವ ಹೆಸರಲ್ಲಿ ಇದು ಅಂಗಡಿಗೆ ಬಂದದ್ದು 1970ರ ದಶಕದಲ್ಲಿ. ಇದನ್ನು ತಿಂದು ಸೋಡಾ ಕುಡಿದರೆ ಹೊಟ್ಟೆ ಒಡೆಯುತ್ತದೆ ಅಂತ ಒಂದು ಪುಕಾರು ಎದ್ದು, ಮಕ್ಕಳಿಂದ ಮಕ್ಕಳಿಗೆ ದೇಶವೆಲ್ಲ ಹಬ್ಬಿತು. ಕಂಪನಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಸಮಾಧಾನ ಹೇಳಬೇಕಾಯಿತು. ಒಂದು ಪೊಟ್ಟಣದಲ್ಲಿರುವ ಗ್ಯಾಸು ಒಂದು ಕ್ಯಾನ್ ಸೋಡಾದಲ್ಲಿರುವುದಕ್ಕಿಂತ ಕಮ್ಮಿ. ಆದರೆ ಲೆಕ್ಕ ಯಾರಿಗೆ ಬೇಕು? ಹೊಟ್ಟೆ ಒಡೆಯಬಹುದು ಅನ್ನುವ ಭಯಕ್ಕೇ ತಾನೇ ಅಷ್ಟು ರುಚಿ!

(ಹತ್ತಿಯಂತೆ ನೂಲುವ ಸಕ್ಕರೆ ಮಿಠಾಯಿಯ ಯಂತ್ರವನ್ನು 1897ರಲ್ಲಿ ಮಾಡಿದ ಇಬ್ಬರಲ್ಲಿ ಒಬ್ಬರು, ವಿಲಿಯಂ ಮಾರಿಸನ್, ಹಲ್ಲಿನ ಡಾಕ್ಟರು. ಇದಕ್ಕೆ ನಾನೇನೂ ಹೇಳುವುದಿಲ್ಲ.)

ಈಗ ನಿಮ್ಮ ಪರವಾಗಿ ನಾಲ್ಕು ಮಾತು. ಹಳೆಯ ರುಚಿ ಸಿಗಲಿಲ್ಲ ಅನ್ನುವುದಕ್ಕೆ ಪ್ರತಿ ಸಲವೂ ನೀವೇ ಕಾರಣ ಅಲ್ಲ. ಮಕ್ಕಳ ನಾಲಿಗೆ ಕೇಳುವ ಸಿಹಿ ದೊಡ್ಡವರದಕ್ಕಿಂತ ಜಾಸ್ತಿ. ಫಿಲಡೆಲ್ಫಿಯಾದ ಮೊನೆಲ್ ಕೇಂದ್ರದವರು ರುಚಿ, ವಾಸನೆ ಇವೆರಡನ್ನೇ ಹಿಡಿದು ಕೂತವರು. ಅವರ ಅಧ್ಯಯನಗಳ ಪ್ರಕಾರ ಈ ಅತಿಸಿಹಿಯ ಆಸೆ ಹದಿಹರೆಯದ ನಡುವೆ ಇಳಿಯುತ್ತದೆ. ಅಂದರೆ ನೀವು ಆಗಿನ ಪಾಕವನ್ನೇ ಆಗಿನ ಪೊಟ್ಟಣದಲ್ಲೇ ಹಾಕಿ ಕೊಟ್ಟರೂ ನಾನು ಮುಖ ಸಿಂಡರಿಸಿ ‘ಇಷ್ಟೊಂದು ಸಿಹಿನಾ’ ಅನ್ನಬಹುದು.

ವಾಸನೆಯ ವಿಷಯ ಇನ್ನೂ ಗಹನ. ಮಾತು ಅಥವಾ ಚಿತ್ರ ಎಬ್ಬಿಸುವ ನೆನಪುಗಳು ಹೆಚ್ಚಾಗಿ ಹದಿಹರೆಯ ಮತ್ತು ಅದರ ಆಸುಪಾಸಿನವು. ವಾಸನೆ ಎಬ್ಬಿಸುವವು ಅದಕ್ಕೂ ಹಿಂದಿನವು, ಹತ್ತು ವರ್ಷದ ಒಳಗಿನವು. ಮನೋವಿಜ್ಞಾನಿಗಳು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಬಾಳೆಹಣ್ಣಿನ ಮಿಠಾಯಿ ನೆನಪಿಸಿಕೊಳ್ಳಿ. ಆ ಘಾಟು ಮುಖ್ಯವಾಗಿ ಐಸೊಅಮೈಲ್ ಅಸಿಟೇಟ್ ಅನ್ನುವ ರಾಸಾಯನಿಕದ್ದು. ಹಣ್ಣಿನಲ್ಲೂ ಅದು ಇರುತ್ತದೆ, ಆದರೆ ಜೊತೆಗೆ ಇನ್ನೂ ಎಷ್ಟೋ ವಾಸನೆಗಳು ಬೆರೆತಿರುತ್ತವೆ. ಮಿಠಾಯಿಯಲ್ಲಿ ಅದರದ್ದೇ ದರ್ಬಾರು. ಅದಕ್ಕೇ ಮಕ್ಕಳಿಗೆ ಮಿಠಾಯಿಯೇ ಅಸಲಿ ಬಾಳೆಹಣ್ಣು, ಹಣ್ಣು ಅದರ ಸಪ್ಪೆ ನಕಲು. ಆ ಘಾಟು ಸರಿಯಾಗಿ ಮೂಗಿಗೆ ತಾಗಿದರೆ ಮೂವತ್ತು ವರ್ಷ ಹಿಂದಿನ ಬೇಸಿಗೆ ರಜೆ ಎದುರಿಗೆ ಬಂದು ನಿಲ್ಲುತ್ತದೆ. ಒಂದು ಕೂದಲೆಳೆ ತಪ್ಪಿದರೂ ಏನೂ ಬರುವುದಿಲ್ಲ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿರುವುದರಿಂದಲೇ ‘ಬಾಲ್ಯದ ಸವಿ’ ಅಂತ ಬರೆಯುತ್ತೀರಿ.

ಹಾಗಾಗಿ ಅರ್ಧ ಹೊಣೆ ನಮ್ಮದು, ಒಪ್ಪೋಣ. ಉಳಿದರ್ಧ?

ಬಾಟ್ಲಿಯಿಂದ ಶುರು ಮಾಡುತ್ತೇನೆ. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಅನ್ನುವವರು ಕುತ್ತಿಗೆಯಲ್ಲಿ ಗೋಲಿ ಇಟ್ಟ ಗಾಜಿನ ಬಾಟ್ಲಿಗೆ ಪೇಟೆಂಟ್ ಪಡೆದರು. ಒಳಗಿನ ಗ್ಯಾಸೇ ಗೋಲಿಯನ್ನು ಮೇಲಕ್ಕೆ ಒತ್ತಿ ಬಾಯಿ ಮುಚ್ಚುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಕೀಂಯ್ ಅಂತ ಕೂಗಿ ಗೋಲಿ ಒಳಗೆ ಬೀಳುತ್ತದೆ. ಗೋಲಿಯ ಆಸೆಗೆ ಬಾಟ್ಲಿಯನ್ನೇ ಒಡೆಯುತ್ತಿದ್ದ ಮಕ್ಕಳು ಆಗಲೂ ಇದ್ದರು. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ಅಂಚು ನೆರಿಗೆಯಾದ ತಗಡಿನ ಮುಚ್ಚಳ ತಂದರು. ಅದನ್ನು ಹಲ್ಲಲ್ಲಿ ತೆಗೆಯುವವರು ನಮ್ಮ ಕಣ್ಣಿಗೆ ವೀರರು. 1973ರಲ್ಲಿ ನಥಾನಿಯಲ್ ವೈಯತ್‌ಗೆ ಪೆಟ್ ಪ್ಲಾಸ್ಟಿಕ್ ಬಾಟ್ಲಿಯ ಪೇಟೆಂಟ್ ಸಿಕ್ಕಿತು. ಹಗುರ, ಒಡೆಯುವುದಿಲ್ಲ, ಸಾಗಿಸುವುದು ಸುಲಭ. ಎಲ್ಲ ಸರಿ. ಆದರೆ ಆ ಪ್ಲಾಸ್ಟಿಕ್ ಮೂಲಕ ಗ್ಯಾಸು ನಿಧಾನವಾಗಿ ಹೊರಗೆ ಹೋಗುತ್ತಲೇ ಇರುತ್ತದೆ. ಗಾಜು ಬಿಟ್ಟುಕೊಡುವುದಿಲ್ಲ. ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂತ ಪ್ಲಾಸ್ಟಿಕ್ ಬಾಟ್ಲಿಯ ಸೋಡಾ ಮೂಗಿಗೆ ಏರುವುದಿಲ್ಲ ಅಂತ ಗೊಣಗುವವರು ಸುಮ್ನೆ ಗೊಣಗುತ್ತಿಲ್ಲ.

ಸಿಹಿಯ ವಿಷಯದಲ್ಲಿ ಮಾತ್ರ ನನ್ನ ಕಡೆಯವರ ಜೊತೆಗೇ ನನಗೆ ಸ್ವಲ್ಪ ತಕರಾರಿದೆ. ಅಮೆರಿಕದಲ್ಲಿ 1980ರ ದಶಕದ ಮೊದಲ ಭಾಗದಲ್ಲಿ ದೊಡ್ಡ ಕೋಲಾ ಕಂಪನಿಗಳು ಸಕ್ಕರೆ ಬಿಟ್ಟು ಮೆಕ್ಕೆಜೋಳದ ಪಾಕಕ್ಕೆ ಹೋದವು. ಅಂದಿನಿಂದ ‘ನಿಜವಾದ ಸಕ್ಕರೆ’ ಅನ್ನುವುದೇ ಒಂದು ಮಂತ್ರವಾಗಿದೆ. 2009ರಲ್ಲಿ ಪೆಪ್ಸಿ ಸಕ್ಕರೆ ಹಾಕಿದ ಕೋಲಾವನ್ನು ಹಳೆಯ ಚಿತ್ರಗಳ ಕ್ಯಾನಿನಲ್ಲಿ ತುಂಬಿ ‘ಥ್ರೋಬ್ಯಾಕ್’ ಅಂತ ಮಾರಿತು. ಆದರೆ ಕೋಲಾ ಹುಳಿ ಪಾನೀಯ. ಅದರಲ್ಲಿ ಕೂತ ಸಕ್ಕರೆ ನಿಧಾನವಾಗಿ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಜೋಳದ ಪಾಕದಲ್ಲಿ ಇರುವುದೂ ಅವೆರಡೇ. ವ್ಯತ್ಯಾಸ ಜನ ಹೇಳುವಷ್ಟು ದೊಡ್ಡದಲ್ಲ ಅಂತ ನನ್ನ ಅನಿಸಿಕೆ. ಈ ಸಾಲು ಓದಿ ಜಗಳಕ್ಕೆ ಬರುವ ಸ್ನೇಹಿತರಿದ್ದಾರೆ, ಬರಲಿ.

ಗಾತ್ರದ ವಿಷಯದಲ್ಲಿ ನಿಮ್ಮ ಪರ ಹೇಳಲು ನನ್ನ ಹತ್ತಿರ ಏನೂ ಇಲ್ಲ. 2016ರಲ್ಲಿ ಬ್ರಿಟನ್ನಿನಲ್ಲಿ ಟಾಬ್ಲರೋನ್ ಚಾಕಲೇಟಿನ 400 ಗ್ರಾಂ ಪಟ್ಟಿ 360 ಗ್ರಾಂ ಆಯಿತು, 170 ಗ್ರಾಮಿನದು 150 ಆಯಿತು. ಪಟ್ಟಿಯ ಉದ್ದ ಕಡಿಮೆ ಮಾಡಲಿಲ್ಲ, ತ್ರಿಕೋನಗಳ ನಡುವಿನ ಅಂತರ ಹಿಗ್ಗಿಸಿದರು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಜನ ನಕ್ಕು ನಕ್ಕು ಸುಸ್ತಾದರು. 2018ರಲ್ಲಿ ಹಳೆಯ ಆಕಾರ ವಾಪಸ್ ಬಂತು. ಅದು ಕಣ್ಣಿಗೆ ಕಾಣುವ ಕಳ್ಳತನವಾದ್ದರಿಂದ ಸಿಕ್ಕಿಬಿತ್ತು. ಪೊಟ್ಟಣದೊಳಗೆ ಒಂದೆರಡು ಮಿಠಾಯಿ ಕಮ್ಮಿಯಾದರೆ ಯಾರಿಗೆ ಗೊತ್ತಾಗುತ್ತದೆ? ಹೊರಗಿನ ಪೊಟ್ಟಣ ಅಷ್ಟೇ ದೊಡ್ಡದು, ಒಳಗೆ ಗಾಳಿ.

ಇನ್ನು 1985ರ ಕಥೆ. ಆ ವರ್ಷ ಏಪ್ರಿಲ್ 23ರಂದು ಕೋಕಾ-ಕೋಲಾ ಕಂಪನಿ ತನ್ನ ರುಚಿಯನ್ನೇ ಬದಲಿಸಿರುವುದಾಗಿ ಹೇಳಿತು. ಸುಮ್ಮನೆ ಬದಲಿಸಿರಲಿಲ್ಲ. ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿ, ಹೊಸದೇ ಚೆನ್ನ ಅನ್ನಿಸಿಕೊಂಡಿತ್ತು. ಆಮೇಲೆ ನಡೆದದ್ದು ನಿಮಗೆ ಪಾಠ ಮಾಡಿ ಹೇಳಿರುತ್ತಾರೆ. ಫೋನು, ಪತ್ರ, ಪ್ರತಿಭಟನೆ, ಹಳೆಯ ಸ್ಟಾಕು ಕೂಡಿಡುವವರು. ಜುಲೈ 11ಕ್ಕೆ, 79 ದಿನಗಳಲ್ಲಿ, ಕಂಪನಿ ಹಳೆಯದನ್ನು ‘ಕ್ಲಾಸಿಕ್’ ಅಂತ ವಾಪಸ್ ತಂದಿತು. ಗುಟುಕು ಗುಟುಕಾಗಿ ರುಚಿ ನೋಡುವವನಿಗೆ ಯಾವುದು ಇಷ್ಟ ಅಂತ ಕೇಳಿದ್ದರು. ಇನ್ನು ಮೇಲೆ ಹಳೆಯದು ಸಿಗುವುದಿಲ್ಲ, ಪರವಾಗಿಲ್ಲವಾ ಅಂತ ಸರಿಯಾಗಿ ಕೇಳಿರಲಿಲ್ಲ.

ಇದರಿಂದ ಜನರನ್ನು ಕೇಳಿ ಬದಲಿಸಬೇಕು ಅಂತ ನೀವು ಕಲಿಯಬೇಕಿತ್ತು. ಜನರಿಗೆ ಗೊತ್ತಾಗದ ಹಾಗೆ ಬದಲಿಸಬೇಕು ಅಂತ ಕಲಿತಿರಿ ಅನ್ನಿಸುತ್ತದೆ. ಆ ಕಂಪನಿಯನ್ನು ನಾನು ಒಂದು ವಿಷಯಕ್ಕೆ ಮೆಚ್ಚುತ್ತೇನೆ, ಡಂಗುರ ಸಾರಿ ಬದಲಿಸಿತು. ಸಾರಿದ್ದರಿಂದಲೇ ಜನರಿಗೆ ಜಗಳ ಮಾಡಲು ಆಯಿತು, ಜಗಳ ಮಾಡಿದ್ದರಿಂದಲೇ ಹಳೆಯದು ಉಳಿಯಿತು. ಸದ್ದಿಲ್ಲದೆ ಬದಲಿಸಿದರೆ ನಾವು ಯಾರ ಹತ್ತಿರ ಜಗಳ ಆಡುವುದು? ‘ನನ್ನ ನಾಲಿಗೆಯೇ ಕೆಟ್ಟಿರಬೇಕು’ ಅಂದುಕೊಂಡು ಸುಮ್ಮನಾಗುತ್ತೇವೆ. ನನಗೆ ಸಿಟ್ಟು ಬರುವುದು ಇಲ್ಲೇ. ಮಿಠಾಯಿಯನ್ನು ನೀವು ಬದಲಿಸುತ್ತೀರಿ, ಅನುಮಾನ ನಮಗೆ ನಮ್ಮ ನೆನಪಿನ ಮೇಲೆ ಬರುತ್ತದೆ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ಹಾಡುವವನಲ್ಲ ನಾನು. 1929ರಲ್ಲಿ ಬಂದ ಸೆವೆನ್ ಅಪ್‌ನಲ್ಲಿ 1948ರವರೆಗೆ ಲಿಥಿಯಂ ಸಿಟ್ರೇಟ್ ಇತ್ತು. ಲಿಥಿಯಂ ಇವತ್ತು ಮನೋರೋಗದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸುತ್ತಾ ಕೊಡುವ ಔಷಧಿ. ಚೆರ್ರಿ ಕೆಂಪು ಕೊಡುವ ರೆಡ್ 3 ಬಣ್ಣವನ್ನು ಅಮೆರಿಕ 1990ರಲ್ಲೇ ಸೌಂದರ್ಯವರ್ಧಕಗಳಿಂದ ಹೊರಗಿಟ್ಟಿತು. ತುಟಿಗೆ ಹಚ್ಚಲು ಬೇಡವಾದದ್ದನ್ನು ಮಕ್ಕಳ ಬಾಯಿಂದ ಹೊರಗಿಡುವ ಆದೇಶ ಬಂದದ್ದು 2025ರ ಜನವರಿಯಲ್ಲಿ. ಅದಕ್ಕೂ 2027ರವರೆಗೆ ಗಡುವು. ತಿನಿಸಿನ ಬಣ್ಣಗಳು ಮಕ್ಕಳ ಮೇಲೆ ಮಾಡುವ ಪರಿಣಾಮದ ಬಗ್ಗೆ ಬ್ರಿಟನ್ನಿನ ಸೌತಾಂಪ್ಟನ್‌ನಲ್ಲಿ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾದ ಮೇಲೆ, ಕೆಲವು ಬಣ್ಣಗಳಿರುವ ತಿನಿಸಿನ ಮೇಲೆ ಎಚ್ಚರಿಕೆ ಬರೆಯಬೇಕು ಅಂತ ಯುರೋಪಿನ ಒಕ್ಕೂಟ 2010ರಿಂದ ಕಡ್ಡಾಯ ಮಾಡಿತು. ಇಂಥ ಬದಲಾವಣೆಗೆ ನನ್ನ ತಕರಾರಿಲ್ಲ. ಸಿಗರೇಟಿನ ಆಕಾರದ ಮಿಠಾಯಿಯನ್ನು ಬೆರಳ ನಡುವೆ ಹಿಡಿದು ದೊಡ್ಡವರ ಹಾಗೆ ಹೊಗೆ ಬಿಡುವ ಆಟ ಎಷ್ಟು ಮಜಾ ಕೊಟ್ಟಿದ್ದರೂ ಅದು ವಾಪಸ್ ಬರುವುದು ಬೇಡ. ಕೆಲವು ದೇಶಗಳು ಅದನ್ನು ನಿಷೇಧಿಸಿದ್ದು ಸರಿಯೇ.

ಸಕ್ಕರೆ ಕಡಿಮೆ ಮಾಡುವುದೂ ಬೇಕಾದದ್ದೇ. ಆದರೆ ಹೇಗೆ ಅನ್ನುವುದಕ್ಕೆ ಸ್ಕಾಟ್ಲೆಂಡಿನ ಇರ್ನ್-ಬ್ರೂ ಅನ್ನುವ ಸೋಡಾ ನೋಡಿ. ಬ್ರಿಟನ್ ಸರ್ಕಾರ 2018ರ ಏಪ್ರಿಲ್‌ನಿಂದ ಸಕ್ಕರೆ ಪಾನೀಯಕ್ಕೆ ತೆರಿಗೆ ಹಾಕುವುದಿತ್ತು. ಅದಕ್ಕೂ ಮೊದಲೇ ಕಂಪನಿ 100 ಮಿಲಿಲೀಟರಿಗೆ 10 ಗ್ರಾಮಿಗಿಂತ ಹೆಚ್ಚಿದ್ದ ಸಕ್ಕರೆಯನ್ನು 5 ಗ್ರಾಮಿಗಿಂತ ಕೆಳಗೆ ಇಳಿಸಿತು. ಜನ ರಂಪ ಮಾಡಿದರು, ಹಳೆಯ ಬಾಟ್ಲಿಗಳನ್ನು ಮನೆಯಲ್ಲಿ ತುಂಬಿಟ್ಟರು. 2019ರ ಕೊನೆಗೆ ಕಂಪನಿ ತನ್ನ ಕಡತದಿಂದ 1901ರ ಪಾಕವಿಧಾನ ತೆಗೆದು ‘ಇರ್ನ್-ಬ್ರೂ 1901’ ಅಂತ ಬೇರೆ ಹೆಸರಲ್ಲಿ ತಂದಿತು. ಕಡಿಮೆ ಸಕ್ಕರೆಯದೂ ಇದೆ, ಹಳೆಯದೂ ಇದೆ, ಯಾವುದು ಯಾವುದು ಅಂತ ಲೇಬಲ್ಲು ಹೇಳುತ್ತದೆ. ಕುಡಿಯುವವನು ಆರಿಸಿಕೊಳ್ಳುತ್ತಾನೆ. ಇದಕ್ಕಿಂತ ನೇರವಾದ ವ್ಯವಹಾರ ಇನ್ನೇನಿದೆ?

ಅಮೆರಿಕದ ನೆಕ್ಕೊ ವೇಫರ್ಸ್ ಅನ್ನುವ ಬಿಲ್ಲೆ ಮಿಠಾಯಿಯ ಕಥೆ ಇದಕ್ಕೆ ಉಲ್ಟಾ. 2009ರಲ್ಲಿ ಕಂಪನಿ ಒಳ್ಳೆಯ ಉದ್ದೇಶದಿಂದಲೇ ನೈಸರ್ಗಿಕ ಬಣ್ಣ, ಸುವಾಸನೆಗೆ ಹೋಯಿತು. ಹಳೆಯ ಗಿರಾಕಿಗಳು ಒಪ್ಪಲಿಲ್ಲ. 2011ರಲ್ಲಿ ಹಳೆಯದಕ್ಕೇ ಮರಳಬೇಕಾಯಿತು. 2018ರಲ್ಲಿ ಕಾರ್ಖಾನೆಯೇ ಮುಚ್ಚಿತು, ಬೇರೆ ಕಂಪನಿ ಕೊಂಡು 2020ರಲ್ಲಿ ಮತ್ತೆ ಮಾರುಕಟ್ಟೆಗೆ ತಂದಿತು. ಆ ಮಿಠಾಯಿಯನ್ನು ಸೀಮೆಸುಣ್ಣ ಅಂತ ಬೈಯುವವರು ಎಷ್ಟೋ ಜನ. ರುಚಿಗೂ ಪ್ರೀತಿಗೂ ಏನೇನೂ ಸಂಬಂಧ ಇಲ್ಲದಿರಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ಬೇಡಿಕೆಗೆ ಬರುತ್ತೇನೆ.

ಪಾಕ, ತೂಕ, ಸಿಹಿ, ಬಣ್ಣ ಯಾವುದು ಬದಲಾದರೂ ಪೊಟ್ಟಣದ ಮುಂಭಾಗದಲ್ಲಿ, ಹೆಸರಿನ ಪಕ್ಕದಲ್ಲೇ, ಕನ್ನಡಕ ಇಲ್ಲದೆ ಓದುವ ಅಕ್ಷರದಲ್ಲಿ ಬರೆಯಿರಿ. ಕೆಲವು ತಿಂಗಳು ಸಾಕು. ಆಗದ ಮಾತೇನೂ ಅಲ್ಲ ಇದು. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ ದೊಡ್ಡ ಅಂಗಡಿಗಳು, ತೂಕ ಇಳಿದು ದರ ಇಳಿಯದ ಸಾಮಾನಿನ ಹತ್ತಿರ ಎರಡು ತಿಂಗಳು ಬೋರ್ಡು ಹಾಕಲೇಬೇಕು. ಆದರೆ ಅದು ತೂಕಕ್ಕೆ ಮಾತ್ರ, ಅದೂ ಅಂಗಡಿಯವರ ತಲೆಗೆ. ರುಚಿಯನ್ನೂ ಸೇರಿಸಿ ನೀವಾಗೇ ಮಾಡಿದರೆ ಯಾವ ಸರ್ಕಾರವೂ ಬಾಗಿಲು ತಟ್ಟಬೇಕಿಲ್ಲ.

‘ಅದೇ ಹಳೆಯ ರುಚಿ’ ಅಂತ ಬರೆದರೆ ಯಾವ ವರ್ಷದ್ದು ಅಂತಲೂ ಬರೆಯಿರಿ. ಇರ್ನ್-ಬ್ರೂ ಬರೆದ ಹಾಗೆ. ವರ್ಷ ಬರೆಯಲು ಧೈರ್ಯ ಇಲ್ಲದಿದ್ದರೆ ಆ ಮಾತನ್ನೇ ತೆಗೆದುಬಿಡಿ.

ಇನ್ನು, ನಿಲ್ಲಿಸಿಬಿಟ್ಟ ಮಿಠಾಯಿಗಳು, ಪಾನೀಯಗಳು. 2003ರಲ್ಲಿ ನಿಂತ ಕ್ಯಾಡ್ಬರಿಯ ವಿಸ್ಪಾ ಚಾಕಲೇಟು ಜನ ಇಂಟರ್ನೆಟ್ಟಿನಲ್ಲಿ ಹಟ ಹಿಡಿದದ್ದರಿಂದ 2007ರಲ್ಲಿ ಮತ್ತೆ ಬಂತು. ಆದರೆ ಹೀಗೆ ಗಲಾಟೆ ಮಾಡುವ ಮಂದಿ ಎಲ್ಲದಕ್ಕೂ ಇರುವುದಿಲ್ಲ. ಎಷ್ಟೋ ಚಿಕ್ಕ ಕಂಪನಿಗಳನ್ನು ನೀವು ಕೊಂಡಿರಿ, ಅವರ ಕಿತ್ತಳೆ ಸೋಡಾ, ಹುಳಿ ಗುಳಿಗೆ, ಜಗಿಯುವ ಮಿಠಾಯಿಗಳನ್ನು ಒಂದೊಂದಾಗಿ ನಿಲ್ಲಿಸಿದಿರಿ. ಪಾಕವಿಧಾನ ಮಾತ್ರ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ಮಾರುತ್ತಿರುವ ಪಾನೀಯದ ಗುಟ್ಟನ್ನು ಅಟ್ಲಾಂಟಾದ ಕೋಕಾ-ಕೋಲಾದವರ ಹಾಗೆ ತಿಜೋರಿಯಲ್ಲಿಟ್ಟು ಮೆರೆಸಿ, ಬೇಡ ಅನ್ನುವುದಿಲ್ಲ. ನೀವೇ ಮಾಡದ, ಮುಂದೆಯೂ ಮಾಡುವ ಯೋಚನೆ ಇಲ್ಲದ ಪಾನೀಯದ ಗುಟ್ಟು ಯಾರಿಂದ ಕಾಪಾಡುವುದಕ್ಕೆ? ನಿಂತು ಇಪ್ಪತ್ತು ವರ್ಷ ಆದದ್ದನ್ನು ಬಹಿರಂಗ ಮಾಡಿ. ಎಷ್ಟು ಸಿಟ್ರಿಕ್ ಆಮ್ಲ, ಯಾವ ಸುವಾಸನೆ, ಎಷ್ಟು ಗ್ಯಾಸು, ಪಾಕ ಎಷ್ಟು ಬಿಸಿಗೆ ಬರಬೇಕು, ಇಷ್ಟು ಸಾಕು. ಯಾರೋ ಚಿಕ್ಕ ತಯಾರಕರು ಮಾಡಿಕೊಳ್ಳುತ್ತಾರೆ. ಹೆಸರು ನಿಮ್ಮದೇ ಇರಲಿ, ಅವರು ಬೇರೆ ಹೆಸರು ಇಟ್ಟುಕೊಳ್ಳಲಿ. ಈಗ ಬೇಡವಾದ ಬಣ್ಣವಿದ್ದರೆ ಅದನ್ನು ಬಿಟ್ಟೇ ಮಾಡಲಿ, ಬಿಟ್ಟಿದ್ದೇವೆ ಅಂತ ಬರೆಯಲಿ.

ನಿಮ್ಮಲ್ಲಿ ಯಾರಾದರೂ ಒಬ್ಬರು ಮೊದಲು ಶುರು ಮಾಡುವುದಾದರೆ ಜಗಿಯುವ ಮಿಠಾಯಿಗಿಂತ ಸೋಡಾದಿಂದ ಶುರು ಮಾಡಿ. ಅದೂ ಕಿತ್ತಳೆ ಸೋಡಾದಿಂದ. ಸಾಧ್ಯವಾದರೆ ಗಾಜಿನ ಬಾಟ್ಲಿಯಲ್ಲಿ. ಖಾಲಿ ಬಾಟ್ಲಿ ತಪ್ಪದೆ ವಾಪಸ್ ಕೊಡುತ್ತೇವೆ.

ಇಂತಿ,
ನಿಮ್ಮ ಹಳೆಯ ಗಿರಾಕಿ